ಒಂದೇ ಬಾಗಿಲು, ನಾಲ್ಕು ಹೆಸರು

(ಕುರಕುಂಭದಲ್ಲಿ ನೆರೆದ ಕನ್ನಡ ಕಾರ್ಮಿಕರ ಮುಂದೆ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ, ಪಾಳಿಯ ಮೇಲೆ ದುಡಿಯುವವನು. ನಮ್ಮ ಕೋಣೆಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರೊಂದು ಸಂಘ, ಖಾನಾವಳಿ, ರಾತ್ರಿಶಾಲೆ, ಅಕ್ಕಂದಿರ ಹೊಲಿಗೆಯ ಗುಂಪು, ಹೀಗೆ ನಾಲ್ಕು ಜಾಲತಾಣಗಳನ್ನು ನಡೆಸುವ ಬಗೆಯನ್ನೂ, ಅದರಲ್ಲಿ ನಾನು ಮಾಡಿದ ತಪ್ಪನ್ನೂ ತಿಳಿಸಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿದೆ.

ಕಲಬುರಗಿ, ವಿಜಯಪುರಗಳ ಕಡೆಯಿಂದ ಸೊಲ್ಲಾಪುರ ದಾಟಿ, ದೌಂಡಿನಲ್ಲಿ ರೈಲಿಳಿದು, ಇಲ್ಲಿಯ ಎಂ.ಐ.ಡಿ.ಸಿ.ಯ ಕಾರಖಾನೆಗಳನ್ನು ಸೇರಿದ ನಮಗೆ ಒಂದು ಕೋಣೆಯಲ್ಲಿ ಆರು ಜನ ಇರುವುದು ಹೊಸದಲ್ಲ. ಕೋಣೆಯ ವಿಳಾಸ ಒಂದೇ. ಆದರೂ ಒಬ್ಬನ ಕಾಗದ ಇನ್ನೊಬ್ಬನ ಕೈ ಸೇರುವುದಿಲ್ಲ. ಏಕೆಂದರೆ ಲಕೋಟೆಯ ಮೇಲೆ ವಿಳಾಸದ ಜೊತೆಗೆ ಹೆಸರೂ ಇರುತ್ತದೆ. ಒಂದೇ ಸರ್ವರಿನಲ್ಲಿ ಹಲವು ತಾಣಗಳನ್ನಿಡುವ ಗುಟ್ಟೂ ಇಷ್ಟೇ.

ಮೊದಲು ಹೀಗಿರಲಿಲ್ಲ. ಬ್ರೌಸರು ‘ಇಂಥ ಪುಟ ಕೊಡು’ ಎಂದು ಕೇಳುತ್ತಿತ್ತೇ ಹೊರತು ಯಾವ ತಾಣದ ಪುಟವೆಂದು ಹೇಳಬೇಕೆಂಬ ಕಟ್ಟಳೆಯಿರಲಿಲ್ಲ. ಆದುದರಿಂದ ತಾಣಕ್ಕೊಂದು ಐ.ಪಿ. ವಿಳಾಸ ಬೇಕಾಗುತ್ತಿತ್ತು. ಆ ಹಳೆಯ ಬಗೆಯ ವಿಳಾಸಗಳಾದರೋ ಒಟ್ಟು ಸುಮಾರು 429 ಕೋಟಿ ಮಾತ್ರ. ಜಗತ್ತಿನ ಕೇಂದ್ರ ಭಂಡಾರದಲ್ಲಿ ಉಳಿದಿದ್ದವು 2011ರ ಫೆಬ್ರವರಿಯಲ್ಲಿ ಹಂಚಿ ಮುಗಿದವು. ಪುಣ್ಯಕ್ಕೆ 1997ರ ಜನವರಿಯಲ್ಲಿ ಪ್ರಕಟವಾದ ಎಚ್.ಟಿ.ಟಿ.ಪಿ. 1.1 ನಿಯಮವು, ಪ್ರತಿಯೊಂದು ಕೋರಿಕೆಯಲ್ಲಿಯೂ ‘ಹೋಸ್ಟ್’ ಎಂಬ ಸಾಲಿನಲ್ಲಿ ತಾಣದ ಹೆಸರನ್ನು ಬರೆಯಲೇಬೇಕೆಂದು ವಿಧಿಸಿತು. ಲಕೋಟೆಯ ಮೇಲೆ ಹೆಸರು ಬಂದುದು ಹೀಗೆ.

ಇನ್ನು ಕೆಲಸದ ಕ್ರಮ. ನಾಲ್ಕು ಹೆಸರುಗಳನ್ನು ನೋಂದಾಯಿಸಿ, ಎಲ್ಲಕ್ಕೂ ಮನೆಯ ಒಂದೇ ಐ.ಪಿ. ವಿಳಾಸವನ್ನು ಕೊಡತಕ್ಕದ್ದು. 80 ಮತ್ತು 443ನೆಯ ಪೋರ್ಟುಗಳಿಗೆ ಬಂದುದನ್ನು ನಮ್ಮ ಕಂಪ್ಯೂಟರಿಗೇ ಕಳಿಸುವಂತೆ ರೌಟರಿಗೆ ತಿಳಿಸತಕ್ಕದ್ದು. ಬಳಿಕ ಅಪಾಚೆ ಎಂಬ ಸರ್ವರ್ ತಂತ್ರಾಂಶದಲ್ಲಿ ತಾಣಕ್ಕೊಂದು ಫೋಲ್ಡರು, ಫೋಲ್ಡರಿಗೊಂದು ಹೆಸರು ಎಂದು ನಮೂದಿಸಿದರಾಯಿತು.

ಇಲ್ಲಿ ಒಂದು ಎಚ್ಚರಿಕೆಯುಂಟು. ಅನೇಕ ಮನೆಗಳ ಕನೆಕ್ಷನ್ನಿಗೆ ಸ್ವಂತ ವಿಳಾಸವಿರುವುದಿಲ್ಲ. ಇಂಟರ್ನೆಟ್ ಕೊಡುವವರು ಬಹಳ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಸಿರುತ್ತಾರೆ. ಆಗ ರೌಟರನ್ನು ಎಷ್ಟು ತಿದ್ದಿದರೂ ಹೊರಗಿನ ಕೋರಿಕೆ ಒಳಗೆ ಬಾರದು. ಇದನ್ನರಿಯದೆ ನಾನು ಮೂರು ರಾತ್ರಿ ನಿದ್ದೆಗೆಟ್ಟೆ. ಕೊನೆಗೆ ಹಣ ಕಟ್ಟಿ ಸ್ಥಿರ ವಿಳಾಸ ಪಡೆದ ಮೇಲೆ ತಾಣಗಳು ಕಾಣಿಸಿದವು.

ಈಗ ನನ್ನ ತಪ್ಪು. ಹೊಲಿಗೆಯ ತಾಣದ ಹೆಸರನ್ನು ಸರ್ವರಿನಲ್ಲಿ ನಮೂದಿಸುವಾಗ ಒಂದಕ್ಷರ ತಪ್ಪಿದೆ. ಹೆಸರು ಹೊಂದದ ಕೋರಿಕೆಯನ್ನು ಅಪಾಚೆ ಹಿಂದಕ್ಕೆ ಕಳಿಸುವುದಿಲ್ಲ. ಪಟ್ಟಿಯ ಮೊದಲ ತಾಣವನ್ನೇ ತೋರಿಸಿಬಿಡುತ್ತದೆ. ನಮ್ಮ ಪಟ್ಟಿಯಲ್ಲಿ ಮೊದಲನೆಯದು ಖಾನಾವಳಿಯ ಲೆಕ್ಕ! ರವಿಕೆ ಹೊಲಿಗೆಯ ದರ ನೋಡಲು ಬಂದ ಅಕ್ಕನೊಬ್ಬಳಿಗೆ ತನ್ನ ತಮ್ಮನ ಹೆಸರಿನ ಮುಂದೆ ಮೂರು ತಿಂಗಳ ಬಾಕಿ ಕಂಡಿತು. ಆ ಹುಡುಗ ಜಗಳವಾಡಲಿಲ್ಲ. “ಅಣ್ಣಾ, ಊರಿಗೆ ರೊಕ್ಕ ಕಳಿಸಿದ್ದಕ್ಕ ಬಾಕಿ ಉಳೀತು. ಅಕ್ಕಗ ಗೊತ್ತಾಗಬಾರದಿತ್ತು” ಎಂದಷ್ಟೇ ಅಂದ. ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಅಂದಿನಿಂದ ಪಟ್ಟಿಯ ಮೊದಲ ನಮೂದು ಬರಿಯ ಖಾಲಿ ಪುಟ. ದಾರಿ ತಪ್ಪಿ ಬಂದವರಿಗೆ ಅಲ್ಲಿ ಏನೂ ಕಾಣದು. ಖಾನಾವಳಿಯ ತಾಣದಲ್ಲಿ ಈಗ ಊಟದ ದರ, ಹೊತ್ತು ಮಾತ್ರ. ಬಾಕಿಯ ಲೆಕ್ಕ ಮತ್ತೆ ವಹಿಗೆ ಹೋಯಿತು. ಆಗ ನಮ್ಮ ತಾಣಗಳಿಗೆ ಪ್ರಮಾಣಪತ್ರವಿರಲಿಲ್ಲ. ಇದ್ದಿದ್ದರೆ ಹೆಸರು ಹೊಂದುವುದಿಲ್ಲವೆಂದು ಬ್ರೌಸರೇ ಎಚ್ಚರಿಸುತ್ತಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು ಪುಕ್ಕಟೆ ಕೊಡುತ್ತದೆ. ಈಗ ನಾಲ್ಕಕ್ಕೂ ಪಡೆದಿದ್ದೇವೆ. ಯಂತ್ರ ಒಂದೇ ಆದುದರಿಂದ ಅದು ಕೆಟ್ಟರೆ ನಾಲ್ಕೂ ಕೆಟ್ಟಂತೆ. ಆ ಕಾರಣ ಪ್ರತಿ ರಜೆಯ ದಿನ ಎಲ್ಲದರ ಪ್ರತಿ ತೆಗೆದು ಬೇರೆ ಮನೆಯಲ್ಲಿ ಇಡುತ್ತೇವೆ.

ಬಂಧುಗಳೇ, ಕೋಣೆಯನ್ನು ಹಂಚಿಕೊಂಡವರು ನಾವು. ಚಾಪೆ ಹಂಚಿಕೊಳ್ಳುತ್ತೇವೆ, ರೊಟ್ಟಿ ಹಂಚಿಕೊಳ್ಳುತ್ತೇವೆ; ಆದರೆ ಒಬ್ಬನ ಟ್ರಂಕನ್ನು ಇನ್ನೊಬ್ಬನು ತೆರೆಯುವುದಿಲ್ಲ. ಯಂತ್ರಕ್ಕೆ ಈ ಮರ್ಯಾದೆ ತಾನಾಗಿ ತಿಳಿಯದು. ಅದನ್ನು ನಡೆಸುವವನು ಕಲಿಸಬೇಕು. ಕಲಿಯಬಯಸುವ ತರುಣರು ಪಾಳಿ ಮುಗಿಸಿ ನಮ್ಮ ಕೋಣೆಗೆ ಬರಲಿ. ನನಗೆ ತಿಳಿದಷ್ಟನ್ನು ಹೇಳಿಕೊಡುತ್ತೇನೆ.