ರಾತ್ರಿಯ ಮಟ್ಟ



ಮಳೆಗಾಲ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಈ ಸೀಮೆಯ ಜನ ಬೆಳಿಗ್ಗೆ ಎದ್ದು ಮೊದಲು ಕೇಳುವುದು ಕಾವೇರಿ ಅಣೆಕಟ್ಟೆಯ ಮಟ್ಟವನ್ನು. ಒಳಹರಿವು ಎಷ್ಟು, ಹೊರಹರಿವು ಎಷ್ಟು, 124.80 ಅಡಿ ಮುಟ್ಟಲು ಇನ್ನೆಷ್ಟು ಬಾಕಿ ಎಂಬುದು ಇಲ್ಲಿ ಶಾಲೆಯ ಮಕ್ಕಳ ಬಾಯಲ್ಲೂ ಇರುತ್ತದೆ. ಹೇಮಾವತಿಯೂ ಲಕ್ಷ್ಮಣತೀರ್ಥವೂ ಕಾವೇರಿಯನ್ನು ಕೂಡಿಕೊಳ್ಳುವ ಈ ಜಲಾಶಯದಲ್ಲಿ ರಾತ್ರಿ ನೀರು ಏರಿದರೆ ಅದಕ್ಕೂ ಲೆಕ್ಕವಿದೆ. ಆದರೆ ನಮ್ಮ ಬಿಪಿ ರೋಗಿಯ ಮಟ್ಟವನ್ನು ನಾವು ನೋಡುವುದು ತಿಂಗಳಿಗೊಮ್ಮೆ, ಹಗಲು ಹನ್ನೊಂದು ಗಂಟೆಗೆ, ಕುರ್ಚಿಯಲ್ಲಿ ಕೂರಿಸಿ. ಅವರ ರಾತ್ರಿ ಹೇಗೆ ಕಳೆಯುತ್ತದೆ ಎಂದು ನಾವು ಕೇಳುವುದೇ ಇಲ್ಲ. ಕೇಳಬೇಕು ಎಂಬುದೇ ಈ ವಿಚಾರ ಸಂಕಿರಣದ ಆಶಯ.

ನನಗೆ ಇದನ್ನು ಕಲಿಸಿದವರು ಪಾಂಡವಪುರದ ಕಡೆಯ ಒಬ್ಬ ರೈತ ಮಹಿಳೆ. ಅವರ ಯಜಮಾನರಿಗೆ ಐವತ್ತೆರಡು ವರ್ಷ, ಕಬ್ಬಿನ ಬೇಸಾಯ. ಮೂರು ಬಗೆಯ ಮಾತ್ರೆ ಕೊಟ್ಟರೂ ಬಿಪಿ 170/100ರಿಂದ ಇಳಿಯಲಿಲ್ಲ. ಮಾತ್ರೆ ತಪ್ಪಿಸುತ್ತಿದ್ದಾರೆ ಎಂದು ನಾನು ಅವರನ್ನು ಗದರಿದೆ. ಬಾಗಿಲ ಬಳಿ ನಿಂತಿದ್ದ ಆ ತಾಯಿ ಹೇಳಿದರು: “ಮಾತ್ರೆ ನಾನೇ ಕೈಗೆ ಕೊಡ್ತೀನಿ ಸಾರ್, ಒಂದಿನಾನೂ ತಪ್ಪಿಲ್ಲ. ಆದ್ರೆ ರಾತ್ರಿ ಇವರ ಉಸಿರೇ ನಿಂತೋಯ್ತದೆ. ನಾನು ಅಲ್ಲಾಡ್ಸಿದ್ರೆ ಮತ್ತೆ ಬರ್ತದೆ.” ಆರು ವರ್ಷಗಳಿಂದ ಅವರು ನಿದ್ದೆಗೆಟ್ಟು ಗಂಡನ ಉಸಿರು ಕಾಯುತ್ತಿದ್ದರು. ಅಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಏನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಗೊರಕೆ ಹೊಡೆಯುವವರನ್ನು ಕಂಡರೆ ‘ಪುಣ್ಯವಂತ, ಎಂಥ ನಿದ್ದೆ’ ಎನ್ನುವುದು ನಮ್ಮಲ್ಲಿ ರೂಢಿ. ವಾಸ್ತವ ಬೇರೆಯೇ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಆ ಕಿರಿದಾದ ದಾರಿಯ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿ ಹತ್ತು ಸೆಕೆಂಡ್ ಅಥವಾ ಹೆಚ್ಚು ಹೊತ್ತು ಗಾಳಿ ಹೋಗದಿದ್ದರೆ ಅದು ಸ್ಲೀಪ್ ಆಪ್ನಿಯಾ. ಎದೆ ಏದುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಗೊಂಡು ದೇಹದಲ್ಲಿ ಅಡ್ರಿನಲಿನ್ ಸುರಿಯುವಂತೆ ಮಾಡುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಜಿಗಿಯುತ್ತದೆ. ರೋಗಿ ಒಂದು ಕ್ಷಣ ಎಚ್ಚರಗೊಂಡು, ಗೊರ್ರ್ ಎಂದು ಉಸಿರೆಳೆದು, ಮತ್ತೆ ಮಲಗುತ್ತಾನೆ. ಬೆಳಿಗ್ಗೆ ಅವನಿಗೆ ಇದೊಂದೂ ನೆನಪಿರುವುದಿಲ್ಲ. ಗಂಟೆಗೆ 15 ಸಲ ಹೀಗಾದರೆ ಮಧ್ಯಮ, 30 ಸಲ ಆದರೆ ತೀವ್ರ ಎನ್ನುತ್ತೇವೆ.

ಆರೋಗ್ಯವಂತರ ಬಿಪಿ ನಿದ್ದೆಯಲ್ಲಿ ಶೇಕಡ 10ರಿಂದ 20ರಷ್ಟು ಇಳಿಯುತ್ತದೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಸಿಗುವ ವಿಶ್ರಾಂತಿ ಅದೇ. ಆಪ್ನಿಯಾ ಇರುವವರಲ್ಲಿ ಈ ಇಳಿತ ಸಾಮಾನ್ಯವಾಗಿ ಕಾಣುವುದಿಲ್ಲ. ರಾತ್ರಿಯ ಬಿಗಿತ ಹಗಲಿಗೂ ಮುಂದುವರಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ, 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಟೆಗೆ 15 ಅಥವಾ ಹೆಚ್ಚು ಸಲ ಉಸಿರು ಕಟ್ಟುತ್ತಿದ್ದವರಿಗೆ ನಾಲ್ಕು ವರ್ಷಗಳಲ್ಲಿ ಅಧಿಕ ರಕ್ತದೊತ್ತಡ ಬರುವ ಸಂಭವ ಹೆಚ್ಚುಕಡಿಮೆ ಮೂರು ಪಟ್ಟು ಇತ್ತು. ನಮ್ಮ ದೇಶದ ಲೆಕ್ಕವೂ ಸಣ್ಣದಲ್ಲ. 2023ರ ಐಸಿಎಂಆರ್-ಇಂಡಿಯಾಬ್ ವರದಿಯಂತೆ ವಯಸ್ಕರಲ್ಲಿ ಶೇಕಡ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅದೇ ವರ್ಷ ದೆಹಲಿಯ ಏಮ್ಸ್ ವೈದ್ಯರು ದೇಶದ ಅಧ್ಯಯನಗಳನ್ನು ಒಟ್ಟುಗೂಡಿಸಿ, ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಜನರಿಗೆ ಆಪ್ನಿಯಾ ಇರಬಹುದೆಂದು ಅಂದಾಜಿಸಿದರು.

ಈ ಸೀಮೆಯ ನಿದ್ದೆಗೆ ತನ್ನದೇ ಆದ ಕಷ್ಟಗಳಿವೆ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರೈತ ರಾತ್ರಿಯೇ ಗದ್ದೆಗೆ ಹೋಗಬೇಕು. ನಾಲೆಯ ನೀರಿನ ಸರದಿ ನಡುರಾತ್ರಿ ಬಂದರೂ ಬಿಡುವಂತಿಲ್ಲ. ಆಲೆಮನೆಯ ಒಲೆ ಆರುವುದಿಲ್ಲ. ಕಬ್ಬು ತುಂಬಿದ ಗಾಡಿ, ಲಾರಿ ಕಾರ್ಖಾನೆಯ ಮುಂದೆ ಬೆಳಗಿನವರೆಗೆ ಕಾಯುತ್ತವೆ. ನಿದ್ದೆಯ ಹೊತ್ತು ಕಡಿಮೆಯಾದರೂ ಬಿಪಿ ಏರುತ್ತದೆ. ಹಾಗಾಗಿ ‘ಸುಸ್ತು, ತೂಕಡಿಕೆ’ ಎಂದು ಬಂದವರೆಲ್ಲರಿಗೂ ಆಪ್ನಿಯಾ ಎಂದು ಹಣೆಪಟ್ಟಿ ಹಚ್ಚಬಾರದು. ಏಳೆಂಟು ಗಂಟೆ ಮಲಗಿಯೂ ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು, ಹಗಲಲ್ಲಿ ಕುಳಿತಲ್ಲೇ ಜೊಂಪು ಹತ್ತುವುದು, ಇವು ಕಂಡರೆ ಅನುಮಾನಿಸಿ. ಬೆಂಗಳೂರು–ಮೈಸೂರು ದಶಪಥದಲ್ಲಿ ಸ್ಟಿಯರಿಂಗ್ ಹಿಡಿಯುವ ಬಿಪಿ ರೋಗಿಯನ್ನಂತೂ ಈ ಲಕ್ಷಣಗಳ ಬಗ್ಗೆ ಕೇಳದೆ ಕಳಿಸಲೇಬೇಡಿ.

ಹೆಂಗಸರ ವಿಚಾರ ಇನ್ನೂ ಕಷ್ಟದ್ದು. ಮುಟ್ಟು ನಿಂತ ಮೇಲೆ ಅವರಲ್ಲೂ ಈ ತೊಂದರೆ ಹೆಚ್ಚುತ್ತದೆ. ಆದರೆ ಅವರು ಗೊರಕೆ ಎನ್ನುವುದಿಲ್ಲ, ‘ಮೈ ಭಾರ, ನಿದ್ದೆ ಬರಲ್ಲ, ಮನಸ್ಸು ಸರಿಯಿಲ್ಲ’ ಎನ್ನುತ್ತಾರೆ. ಗಂಡನ ಉಸಿರಿಗೆ ಹೆಂಡತಿ ಸಾಕ್ಷಿ; ಹೆಂಡತಿಯ ಉಸಿರಿಗೆ ಬಹಳ ಸಲ ಯಾರೂ ಸಾಕ್ಷಿಯಿಲ್ಲ. ಪಕ್ಕದಲ್ಲಿ ಮಲಗುವ ಮಗಳನ್ನೋ ಸೊಸೆಯನ್ನೋ ಕೇಳಬೇಕಾಗುತ್ತದೆ. ‘ನಿದ್ದೆ ಬರಲ್ಲ’ ಎಂದ ಕೂಡಲೇ ನಿದ್ದೆಮಾತ್ರೆ ಬರೆಯುವ ಅಭ್ಯಾಸ ನನಗೆ ಭಯ ಹುಟ್ಟಿಸುತ್ತದೆ. ಮೊದಲೇ ಸಡಿಲವಾಗುವ ಗಂಟಲನ್ನು ಕೆಲವು ಮಾತ್ರೆಗಳು ಇನ್ನಷ್ಟು ಸಡಿಲಗೊಳಿಸುತ್ತವೆ. ರಾತ್ರಿಯ ಕುಡಿತವೂ ಅದನ್ನೇ ಮಾಡುತ್ತದೆ.

ಕೋವಿಡ್ ಕಾಲದಲ್ಲಿ ಬಂದ ಬೆರಳಿನ ಆಕ್ಸಿಮೀಟರ್ ನಿಮ್ಮೆಲ್ಲರ ಬಳಿ ಇದೆ. ಹಗಲಲ್ಲಿ ಅದು 98 ತೋರಿಸಿತೆಂದು ನಿಶ್ಚಿಂತರಾಗಬೇಡಿ. ಎಚ್ಚರವಿದ್ದಾಗ ಗಂಟಲು ತೆರೆದೇ ಇರುತ್ತದೆ. ರಾತ್ರಿಯ ಉಸಿರು, ಆಮ್ಲಜನಕ ದಾಖಲಿಸುವ ಪರೀಕ್ಷೆಯೇ ಆಗಬೇಕು. ಅದಕ್ಕೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕೆಂದರೆ ಎಷ್ಟೋ ಜನ ಹೋಗುವುದಿಲ್ಲ. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಸಣ್ಣ ಯಂತ್ರಗಳು ಈಗ ಇವೆ. ಅವು ತಾಲ್ಲೂಕು ಆಸ್ಪತ್ರೆಗೆ ಬರಬೇಕೆಂಬ ಬೇಡಿಕೆಯನ್ನು ಈ ಸಭೆ ಸರ್ಕಾರದ ಮುಂದಿಡಲಿ.

ಚಿಕಿತ್ಸೆಯ ಬಗ್ಗೆ ಉತ್ಪ್ರೇಕ್ಷೆ ಬೇಡ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಪರಿಚಯಿಸಿದ ಸಿಪ್ಯಾಪ್ ಯಂತ್ರ ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುತ್ತದೆ. ಮಾತ್ರೆಗೆ ಬಗ್ಗದ ಬಿಪಿಯಲ್ಲಿ ಅದರಿಂದ ಸರಾಸರಿ ಮೂರು ಪಾಯಿಂಟ್ ಇಳಿದದ್ದನ್ನು 2013ರ ಸ್ಪೇನ್ ಅಧ್ಯಯನ ತೋರಿಸಿದೆ. 2016ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಅದು ಹೃದಯಾಘಾತ, ಪಾರ್ಶ್ವವಾಯುಗಳನ್ನು ತಗ್ಗಿಸಲಿಲ್ಲ; ರೋಗಿಗಳು ಅದನ್ನು ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಆದರೆ ಹಗಲಿನ ತೂಕಡಿಕೆ ಕಡಿಮೆಯಾಯಿತು. ಆದ್ದರಿಂದ ಬಿಪಿ ಮಾತ್ರೆ ನಿಲ್ಲಿಸುವ ಮಾತೇ ಇಲ್ಲ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಉಪ್ಪು ಕಡಿಮೆ ಮಾಡುವುದು, ಸಂಜೆಯ ಕುಡಿತ ಬಿಡುವುದು ಯಂತ್ರ ಕೊಳ್ಳಲಾಗದವರಿಗೂ ಸಾಧ್ಯ.

ಆಶಾ ಅಕ್ಕಂದಿರೆ, ಆಸ್ಪತ್ರೆಯ ಕೋಣೆಯಲ್ಲಿ ನಮಗೆ ಹೇಳದ ಮಾತನ್ನು ಜನ ಜಗುಲಿಯಲ್ಲಿ ಕುಳಿತು ನಿಮಗೆ ಹೇಳುತ್ತಾರೆ. ಮುಂದಿನ ಸಲ ಬಿಪಿ ನೋಡಲು ಹೋದಾಗ ಮನೆಯವರನ್ನು ಎರಡೇ ಮಾತು ಕೇಳಿ: ಜೋರಾಗಿ ಗೊರಕೆ ಹೊಡೀತಾರಾ? ನಡುವೆ ಉಸಿರು ನಿಲ್ಲುತ್ತಾ? ‘ಹೌದು’ ಎಂದರೆ ಬಿಪಿ ಕಾರ್ಡಿನ ಮೇಲೆ ಬರೆದು ನಮ್ಮ ಬಳಿಗೆ ಕಳಿಸಿ. ವೈದ್ಯಮಿತ್ರರೆ, ಆ ಕಾರ್ಡು ನಿಮ್ಮ ಮೇಜಿಗೆ ಬಂದ ದಿನ ನಾಲ್ಕನೆಯ ಮಾತ್ರೆ ಬರೆಯುವ ಮುನ್ನ ಆ ಸಾಲನ್ನು ಓದಿ.