ನೋಡದೇ ಹಾಕಿದ ಸಹಿ

(ಸಾಕ್ಷರತಾ ಕೇಂದ್ರದ ಸಂಜೆ ತರಗತಿಯಲ್ಲಿ ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರೊಬ್ಬರು ಆಡಿದ ಮಾತುಗಳು)



ನಾನು ಭಾಷಣ ಮಾಡೋನಲ್ಲ. ಕರೆಂಟಿನ ಕೆಲಸ ಮಾಡೋನು. ಮನೆಗಳಿಗೆ, ಅಂಗಡಿಗಳಿಗೆ, ತೋಟದ ಪಂಪ್‌ಸೆಟ್ಟಿಗೆ ವೈರಿಂಗ್ ಮಾಡಿಸಿಕೊಡ್ತೀನಿ. ನಿಮ್ಮ ಮೇಷ್ಟ್ರು ಬಂದು, "ನಿಮ್ಮ ಕಸುಬಿನ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ಇಲ್ಲಿ ಮನೆ ಕಟ್ಟಿಸುತ್ತಾ ಇರೋರು ಇದ್ದೀರಿ. ವೈರಿಂಗ್ ಕೆಲಸಕ್ಕೆ ಹೋಗೋ ಹುಡುಗರೂ ಇಬ್ಬರು ಮೂವರು ಕೂತಿದ್ದೀರಿ. ಇಬ್ಬರಿಗೂ ಬೇಕಾದ ಮಾತು ಒಂದಿದೆ. ಅದು ನನ್ನ ತಪ್ಪಿನ ಕಥೆ.

1994ರಲ್ಲಿ ನಡೆದದ್ದು. ನಮ್ಮ ತಿಪಟೂರು ಸೀಮೆಯ ಒಂದು ಹಳ್ಳಿ. ಒಬ್ಬ ಅಕ್ಕ ಹೆಂಚಿನ ಮನೆ ಕಟ್ಟಿಸಿದ್ದರು. ಗಂಡ ಇಲ್ಲ. ಎರಡು ಮಕ್ಕಳು. ಕೂಲಿ ಮಾಡಿ, ಕಾಯಿ ಸುಲಿದು, ಕೂಡಿಟ್ಟ ದುಡ್ಡಿನಲ್ಲಿ ಕಟ್ಟಿಸಿದ ಮನೆ. ನಾಲ್ಕು ದೀಪ, ಒಂದು ಪ್ಲಗ್ಗು. ಅಷ್ಟೇ ಕೆಲಸ.

ಚಿಕ್ಕ ಕೆಲಸ ಅಂತ ನಾನು ಹೋಗಲಿಲ್ಲ. ಹುಡುಗನನ್ನು ಕಳಿಸಿದೆ. ಅವನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಪರ್ಮಿಟ್ ಇರಲಿಲ್ಲ. ಎರಡು ದಿನದಲ್ಲಿ ಮುಗಿಸಿ ಬಂದ. "ಆಯ್ತಣ್ಣ, ದೀಪ ಉರೀತಾವೆ" ಅಂದ. ಕೆಲಸ ಮುಗಿದ ವರದಿ ಅಂತ ಒಂದು ಫಾರಂ ಇರುತ್ತೆ. ಅದನ್ನು ಕೊಟ್ಟರೇನೇ ಕರೆಂಟ್ ಆಫೀಸಿನಲ್ಲಿ ಮೀಟರ್ ಕೊಡೋದು. ಆಗ ಕೆ.ಇ.ಬಿ. ಇತ್ತು. ಈಗ ನಮ್ಮ ಕಡೆ ಬೆಸ್ಕಾಂ. ಹಳ್ಳಿಯಲ್ಲಿ ಇವತ್ತಿಗೂ ಕೆ.ಇ.ಬಿ. ಅಂತಲೇ ಕರೀತಾರೆ, ಇರಲಿ. ನಾನು ಟೀ ಅಂಗಡಿ ಬೆಂಚಿನ ಮೇಲೆ ಕೂತು ಆ ಫಾರಂಗೆ ಸಹಿ ಹಾಕಿದೆ. ಆ ಅಕ್ಕ ಹೆಬ್ಬೆಟ್ಟು ಒತ್ತಿದರು.

ಮೂರು ತಿಂಗಳಾದ ಮೇಲೆ ಅಡುಗೆಮನೆ ಬಲ್ಬು ಹೋಯಿತು. ಆ ಅಕ್ಕ ಬುದ್ಧಿವಂತೆ. ಮೊದಲು ಸ್ವಿಚ್ ಆರಿಸಿದರು. ಆಮೇಲೆ ಒರಳುಕಲ್ಲಿನ ಮೇಲೆ ಬರಿಗಾಲಲ್ಲಿ ಹತ್ತಿದರು. ಬಲ್ಬು ತೆಗೆಯುವಾಗ ಹೋಲ್ಡರ್ ಒಳಗಿನ ಪಿನ್ನಿಗೆ ಬೆರಳು ತಗುಲಿತು. ಶಾಕ್ ಹೊಡೀತು. ಕೆಳಗೆ ಬಿದ್ದರು. ಬಲಗೈ ಮುಂಗೈ ಮೂಳೆ ಮುರೀತು.

ಸ್ವಿಚ್ ಆರಿಸಿದ ಮೇಲೂ ಶಾಕ್ ಹೇಗೆ ಬಂತು? ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ.

ದೀಪಕ್ಕೆ ಎರಡು ವೈರು ಹೋಗುತ್ತೆ. ಒಂದು ಫೇಸ್. ಅದರಲ್ಲಿ ಕರೆಂಟ್ ಬರುತ್ತೆ. ಇನ್ನೊಂದು ನ್ಯೂಟ್ರಲ್. ಅದು ವಾಪಸ್ ಹೋಗೋ ದಾರಿ. ಸ್ವಿಚ್ಚನ್ನು ಯಾವಾಗಲೂ ಫೇಸ್ ವೈರಿನಲ್ಲೇ ಹಾಕಬೇಕು. ಆಗ ಸ್ವಿಚ್ ಆರಿಸಿದರೆ ಹೋಲ್ಡರಿಗೆ ಕರೆಂಟ್ ಬರೋದೇ ನಿಲ್ಲುತ್ತೆ. ನ್ಯೂಟ್ರಲ್‌ನಲ್ಲಿ ಸ್ವಿಚ್ ಹಾಕಿದರೂ ದೀಪ ಹತ್ತುತ್ತೆ, ಆರುತ್ತೆ. ನೋಡೋಕೆ ಏನೂ ವ್ಯತ್ಯಾಸ ಇಲ್ಲ. ಆದರೆ ದೀಪ ಆರಿದ್ದರೂ ಹೋಲ್ಡರ್‌ನಲ್ಲಿ 230 ವೋಲ್ಟ್ ಕಾಯ್ತಾ ಇರುತ್ತೆ.

ನನ್ನ ಹುಡುಗ ಮಾಡಿದ್ದು ಇದೇ. ಫೇಸಿಗೆ ಕೆಂಪು ವೈರು, ನ್ಯೂಟ್ರಲಿಗೆ ಕರಿ ವೈರು, ಅರ್ತಿಗೆ ಹಸಿರು ಅಂತ ಹೇಳಿಕೊಟ್ಟಿದ್ದೆ. ಅಡುಗೆಮನೆಗೆ ಬರೋ ಹೊತ್ತಿಗೆ ಕರಿ ವೈರು ಮುಗಿದಿತ್ತು. ಪೇಟೆಗೆ ಎಂಟು ಮೈಲಿ. ಎರಡಕ್ಕೂ ಕೆಂಪೇ ಎಳೆದ. ಯಾವುದು ಯಾವುದು ಅಂತ ಅವನಿಗೇ ಮರೆತುಹೋಯಿತು. ಅವನನ್ನು ಬೈದು ಏನು ಪ್ರಯೋಜನ? ನಾನು ಹೋಗಿ ಟೆಸ್ಟರ್ ಇಟ್ಟು ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಸುದ್ದಿ ತಿಳಿದು ಓಡಿದೆ. ಕೈಗೆ ಪಟ್ಟಿ ಕಟ್ಟಿಕೊಂಡು ಜಗಲಿ ಮೇಲೆ ಕೂತಿದ್ದರು. ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ನೀವು ಸೈ ಹಾಕಿದ್ರಿ, ನಾನು ಹೆಬ್ಬೆಟ್ಟು ಹಾಕಿದೆ. ಇಬ್ರೂ ನೋಡ್ದೇ ಹಾಕಿದ್ವಲ್ಲ ಸ್ವಾಮಿ" ಅಂದರು. ನನಗೆ ತಲೆ ಎತ್ತೋಕಾಗಲಿಲ್ಲ. ಅವರಿಗೆ ಓದೋಕೆ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ನಾನೂ ಓದಿರಲಿಲ್ಲ.

ಇಡೀ ಮನೆಯ ವೈರಿಂಗ್ ಬಿಚ್ಚಿ, ನಾನೇ ಕೂತು ಮತ್ತೆ ಮಾಡಿದೆ. ಆಸ್ಪತ್ರೆ ಖರ್ಚು ಕೊಟ್ಟೆ. ಎರಡು ತಿಂಗಳು ಅವರು ಕೂಲಿಗೆ ಹೋಗೋಕೆ ಆಗಲಿಲ್ಲ. ಆ ಕೂಲಿಯನ್ನೂ ಕೊಡಬೇಕಾಗಿತ್ತು. ಅರ್ಧ ಕೊಟ್ಟೆ, ಪೂರ್ತಿ ಕೊಡಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತೆ.

ಈಗ ಕಾಯಿದೆ ಮಾತು. ಮನೆಗೆ ವೈರಿಂಗ್ ಯಾರು ಬೇಕಾದರೂ ಮಾಡೋ ಹಾಗಿಲ್ಲ. ಲೈಸೆನ್ಸ್ ಇರೋ ಗುತ್ತಿಗೆದಾರನೇ ಮಾಡಿಸಬೇಕು. ಪರ್ಮಿಟ್ ಇರೋ ವೈರ್‌ಮನ್ ಕೆಲಸ ಮಾಡಬೇಕು. ಅರ್ಹತೆಯ ಪತ್ರ ಇರೋ ಸೂಪರ್‌ವೈಸರ್ ನೇರವಾಗಿ ಮೇಲ್ವಿಚಾರಣೆ ಮಾಡಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಈ ಮಾತು ಇತ್ತು. 2010ರಲ್ಲಿ ಹೊಸ ನಿಯಮ ಬಂತು. 2023ರಲ್ಲಿ ಮತ್ತೆ ಬದಲಾಯಿತು. ಈ ಮಾತು ಮಾತ್ರ ಉಳಿದಿದೆ. ಬಲ್ಬು, ಫ್ಯೂಸು, ಫ್ಯಾನು ಬದಲಾಯಿಸೋಕೆ ಲೈಸೆನ್ಸ್ ಬೇಡ. ಹೊಸ ವೈರಿಂಗಿಗೆ, ಇರೋದಕ್ಕೆ ಹೊಸದು ಸೇರಿಸೋಕೆ ಬೇಕು. ನಮ್ಮ ರಾಜ್ಯದಲ್ಲಿ ಈ ಪರ್ಮಿಟ್, ಲೈಸೆನ್ಸ್ ಕೊಡೋದು ವಿದ್ಯುತ್ ಪರಿವೀಕ್ಷಣಾಲಯ.

ಮೇಲ್ವಿಚಾರಣೆ ಅಂದರೆ ಫೋನಿನಲ್ಲಿ "ಆಯ್ತೇನೋ?" ಅಂತ ಕೇಳೋದಲ್ಲ. ಹತ್ತಿರ ಇದ್ದು ಕಣ್ಣಿಂದ ನೋಡೋದು. ಲೈಸೆನ್ಸನ್ನು ಬಾಡಿಗೆಗೆ ಕೊಡೋರೂ ಇದ್ದಾರೆ. ಒಂದು ಸಹಿಗೆ ಇಷ್ಟು ರೂಪಾಯಿ ಅಂತ. ಆ ಸಹಿ ಹಾಕಿದೋನು ಮನೆ ಬಾಗಿಲು ಯಾವ ದಿಕ್ಕಿಗಿದೆ ಅಂತಲೂ ಹೇಳಲಾರ.

ಹುಡುಗರೇ, ನಿಮಗೆ ಒಂದೆರಡು ಮಾತು. ಗೋಡೆಯೊಳಗೆ ಹೋಗೋ ಪೈಪಿನಲ್ಲಿ ವೈರಿಗೆ ಗಂಟು ಹಾಕಬೇಡಿ. ಜಾಯಿಂಟ್ ಮಾಡಿದರೆ ಡಬ್ಬಿಯೊಳಗೆ ಮಾಡಿ, ತೆಗೆದು ನೋಡೋ ಹಾಗೆ ಇರಲಿ. ಸ್ಕ್ರೂ ಸಡಿಲ ಇದ್ದರೆ ಅಲ್ಲೇ ಬಿಸಿಯಾಗುತ್ತೆ, ಅಲ್ಲೇ ಸುಡುತ್ತೆ. ವೈರು ಸಾಲದೇ ಹೋದರೆ ಕೆಲಸ ನಿಲ್ಲಿಸಿ. ನಾಳೆ ಮಾಡಿದರಾಯಿತು. ಮನೆಯೊಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಿ. ಗೋಡೆ ಕೊರೆಯೋ ಮುಂಚೆ ಮನೆಯವರನ್ನು ಕೇಳಿ, ಅದರಲ್ಲೂ ಹೆಂಗಸರನ್ನು ಕೇಳಿ. ಪ್ಲಗ್ಗು ಎಲ್ಲಿ ಬೇಕು ಅಂತ ಅವರಿಗೇ ಗೊತ್ತು. ಗಂಡಸರು ಟಿ.ವಿ. ಜಾಗ ತೋರಿಸ್ತಾರೆ, ಮಿಕ್ಸಿ ಮರೀತಾರೆ. ಹಿಂದೆ ಮಾಡಿದ ವೈರ್‌ಮನ್ನನ್ನು ಮನೆಯವರ ಮುಂದೆ ಹೀಯಾಳಿಸಬೇಡಿ. ತಪ್ಪಿದ್ದರೆ ತಪ್ಪು ತೋರಿಸಿ, ಸಾಕು. ಉಳಿದ ವೈರು ಮನೆಯವರದು. ಚೀಲಕ್ಕೆ ಹಾಕಿಕೊಂಡು ಬರಬೇಡಿ.

ಇನ್ನು ಮನೆ ಮಾಡಿಸೋರು. ಕೆಲಸ ಶುರು ಮಾಡೋ ಮುಂಚೆ ಪರ್ಮಿಟ್ ತೋರಿಸಪ್ಪಾ ಅಂತ ಕೇಳಿ. ಕೇಳಿದರೆ ತಪ್ಪಿಲ್ಲ. ಹೆಸರು ಓದಿ, ಫೋಟೋ ನೋಡಿ, ಯಾವ ತಾರೀಖಿನ ತನಕ ಇದೆ ಅಂತ ನೋಡಿ. ಎಷ್ಟು ಪಾಯಿಂಟು, ಯಾವ ಸಾಮಾನು, ಕೂಲಿ ಎಷ್ಟು ಅಂತ ಬರೆಸಿಕೊಳ್ಳಿ. ಸಾಮಾನಿಗೆ ಬಿಲ್ ಕೇಳಿ.

ಅರ್ತ್ ಗುಂಡಿ ಮುಚ್ಚೋ ಮುಂಚೆ ನನ್ನನ್ನು ಕರಿ ಅಂತ ಹೇಳಿ. ಪೈಪು ಹಾಕೋದಾದರೆ ಎರಡೂವರೆ ಮೀಟರ್ ಉದ್ದ ಇರಬೇಕು, ಅಂದರೆ ಎಂಟು ಅಡಿ ಹತ್ತಿರ. ಸುತ್ತ ಇದ್ದಿಲು, ಉಪ್ಪು ತುಂಬ್ತಾರೆ. ಎರಡಡಿ ಕಂಬಿ ನೆಟ್ಟು ಮಣ್ಣು ಮುಚ್ಚಿದರೆ ಆಮೇಲೆ ನಿಮಗೆ ಕಾಣೋದಿಲ್ಲ.

ಕೆಲಸ ಮುಗಿದ ಮೇಲೆ ಪರೀಕ್ಷೆ ನಿಮ್ಮ ಮುಂದೆ ಆಗಲಿ. ಮೆಗ್ಗರ್ ಅಂತ ಒಂದು ಯಂತ್ರ ಇದೆ. ವೈರಿನ ಮೇಲಿನ ಸಿಪ್ಪೆ ಎಲ್ಲಾದರೂ ಹರಿದು ಕರೆಂಟ್ ಸೋರುತ್ತಾ ಅಂತ ಅದು ಹೇಳುತ್ತೆ. 500 ವೋಲ್ಟಿನಲ್ಲಿ ನೋಡಿದಾಗ 1 ಮೆಗಾಓಮ್‌ಗಿಂತ ಕಡಿಮೆ ಬರಬಾರದು. ಆ ಅಂಕಿಯನ್ನು ನಿಮ್ಮ ಕಣ್ಣಿಂದಲೇ ಓದಿ. ಆದರೆ ಸ್ವಿಚ್ ತಪ್ಪು ವೈರಿನಲ್ಲಿ ಇದ್ದರೆ ಮೆಗ್ಗರ್ ಅದನ್ನು ಹಿಡಿಯಲ್ಲ. ಅದಕ್ಕೆ ಬೇರೆ ಪರೀಕ್ಷೆ. ಒಂದೊಂದೇ ಸ್ವಿಚ್ ಆರಿಸಿ, ಹೋಲ್ಡರ್‌ನಲ್ಲಿ ಕರೆಂಟ್ ಇಲ್ಲ ಅಂತ ತೋರಿಸು ಅನ್ನಿ. ನೀವು ಮಾಡೋಕೆ ಹೋಗಬೇಡಿ, ಅವರ ಕೈಯಲ್ಲೇ ಮಾಡಿಸಿ. 30 ಮಿಲಿ ಆಂಪಿಯರ್ ಸೋರಿದರೆ ತಾನೇ ಆರಿಹೋಗೋ ಟ್ರಿಪ್ ಸ್ವಿಚ್ ಈಗ ಸಿಗುತ್ತೆ. ದುಡ್ಡು ಸ್ವಲ್ಪ ಜಾಸ್ತಿ. ಬಾಗಿಲಿಗೆ ಕೆತ್ತನೆ ಮಾಡಿಸೋ ದುಡ್ಡಲ್ಲಿ ಅದನ್ನು ಹಾಕಿಸಿ ಅಂತ ನಾನು ಹೇಳ್ತೀನಿ. ಕೆಲವರಿಗೆ ಬೇಜಾರಾಗುತ್ತೆ.

ಆ ಅಕ್ಕ ಆಮೇಲೆ ರಾತ್ರಿ ಶಾಲೆಗೆ ಸೇರಿದರು. ಕೈ ಸರಿಹೋದ ಮೇಲೆ ಅದೇ ಬಲಗೈಯಲ್ಲಿ ಹೆಸರು ಬರೆಯೋದು ಕಲಿತರು. ಮಗನಿಗೆ ಮನೆ ಕಟ್ಟಿದಾಗ ನನಗೇ ಕೆಲಸ ಕೊಟ್ಟರು. ಮೊದಲ ದಿನವೇ, "ಪರ್ಮಿಟ್ ಕೊಡಿ, ಓದ್ತೀನಿ" ಅಂದರು. ಒಂದೊಂದೇ ಅಕ್ಷರ ಕೂಡಿಸಿ, ತಾರೀಖಿನ ತನಕ ಓದಿ ವಾಪಸ್ ಕೊಟ್ಟರು.

ನಾನು ಇವತ್ತು ಆ ಫಾರಂ ಹತ್ತು ಪ್ರತಿ ತಂದಿದ್ದೀನಿ. ಖಾಲಿ ಫಾರಂ. ಹಂಚಿಕೊಳ್ಳಿ. ಇಲ್ಲಿ ನೋಡಿ, ಇದು ಗುತ್ತಿಗೆದಾರನ ಸಹಿ ಜಾಗ. ಇದು ನಿಮ್ಮದು. ಮೇಲಿನ ಮೊದಲ ಸಾಲು ಯಾರು ಓದ್ತೀರಿ? ಕಿಟಕಿ ಹತ್ತಿರ ಕೂತಿರೋ ಅಕ್ಕ, ನೀವು ಶುರು ಮಾಡಿ.