ಶಾಭಾಷ್‌ನಿಂದ ಸಖತ್‌ವರೆಗೆ



ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪನ್ನು ಕಲ್ಪಿಸಿಕೊಳ್ಳಿ. ತರಬೇತಿಗೆ ಬಂದ ಹುಡುಗನೊಬ್ಬ ಲೇತಿನಲ್ಲಿ ಕಡೆದ ಶಾಫ್ಟನ್ನು ಹಿರಿಯ ಕೆಲಸಗಾರರ ಕೈಗಿಡುತ್ತಾನೆ. ಅವರು ಮೈಕ್ರೋಮೀಟರಿನಲ್ಲಿ ಅಳೆದು ನೋಡಿ, “ಶಾಭಾಷ್ ತಮ್ಮಾ! ಪಕ್ಕಾ ಐತಿ. ಎ-ಒನ್ ಕೆಲಸ!” ಎನ್ನುತ್ತಾರೆ. ಹುಡುಗನ ಮುಖ ಅರಳುತ್ತದೆ. ಅವರಾಡಿದ್ದು ನಾಲ್ಕೇ ಮಾತು. ಆದರೆ ಅದರಲ್ಲಿ ಮೂರು ದೂರದ ಕಥೆಗಳು ಅಡಗಿವೆ.

‘ಶಾಭಾಷ್’ ಪಾರಸಿಯಿಂದ ಬಂದದ್ದು. ‘ಶಾದ್ ಬಾಷ್’ ಎಂದರೆ ‘ಸಂತೋಷವಾಗಿರು’ ಎಂಬ ಹಾರೈಕೆ. ‘ಪಕ್ಕಾ’ ಹಿಂದಿಯದು, ಅದರ ಬೇರು ಸಂಸ್ಕೃತದ ‘ಪಕ್ವ’, ಎಂದರೆ ಹಣ್ಣಾದದ್ದು, ಬೆಂದದ್ದು. ನಮ್ಮನ್ನಾಳಿದ ಇಂಗ್ಲಿಷರಿಗೂ ಈ ಪದಗಳ ರುಚಿ ಹತ್ತಿತು. ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿದ, 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಎರಡೂ ಇವೆ. ‘ಪಕ್ಕಾ’ ಅಂತೂ ಹಡಗು ಹತ್ತಿ ಬ್ರಿಟನ್ನಿಗೇ ಹೋಗಿ, ‘ಅಪ್ಪಟ’, ‘ಬಹಳ ಚೆನ್ನ’ ಎಂಬ ಮೆಚ್ಚುಗೆಯ ಮಾತಾಯಿತು.

‘ಎ-ಒನ್’ ಬಂದದ್ದು ಇದಕ್ಕೆ ಎದುರು ದಿಕ್ಕಿನಿಂದ. ಲಂಡನ್ನಿನ ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆ ಹಡಗುಗಳನ್ನು ಪರೀಕ್ಷಿಸಿ ದರ್ಜೆ ಕೊಡುತ್ತಿತ್ತು. ಹಡಗಿನ ಒಡಲಿಗೆ ಅಕ್ಷರ, ಲಂಗರು, ಹಗ್ಗ ಮುಂತಾದ ಸಲಕರಣೆಗೆ ಅಂಕಿ. ಎರಡೂ ಉತ್ತಮವಾಗಿದ್ದರೆ ‘ಎ-1’. 18ನೆಯ ಶತಮಾನದ ಈ ಗುರುತು ಜನರ ಬಾಯಿಗೆ ಬಿದ್ದು, ಕೊನೆಗೆ ನಮ್ಮೂರಿನ ಚಹಾಕ್ಕೂ ದೋಸೆಗೂ ಅಂಟಿಕೊಂಡಿತು.

ಹೊಗಳಿಕೆಯ ಎಲ್ಲ ಪದಗಳಿಗೂ ಇಷ್ಟು ಆಯುಸ್ಸಿಲ್ಲ. ಪಿ. ಜಿ. ವುಡ್‌ಹೌಸರ ಕಥೆಗಳಲ್ಲಿ ಶ್ರೀಮಂತ ತರುಣರು ಸಂತೋಷವಾದರೆ ‘ರಿಪ್ಪಿಂಗ್’, ‘ಟಾಪಿಂಗ್’ ಎನ್ನುತ್ತಾರೆ. ಇಂದಿನ ಲಂಡನ್ನಿನ ಹುಡುಗರಿಗೆ ಅವು ಅಜ್ಜನ ಕೋಟಿನಂತೆ! ‘ರಿಪ್ಪಿಂಗ್’ ಎಂದರೆ ಹರಿಯುವುದು, ಸೀಳುವುದು. ಅದು ಹೊಗಳಿಕೆಯಾದದ್ದು ಹೇಗೆ ಎಂದು ನಗುವ ಮುನ್ನ ನಮ್ಮ ‘ಸಖತ್’ ನೋಡಿ. ಮೂಲದಲ್ಲಿ ಅದಕ್ಕೆ ಗಟ್ಟಿ, ಕಠಿಣ ಎಂದರ್ಥ. ಈಗ ಹಾಡೂ ಸಖತ್, ಊಟವೂ ಸಖತ್. ‘ಭಯಂಕರ ಚೆನ್ನಾಗಿದೆ’ ಎನ್ನುವವರಿಲ್ಲವೆ? ಮನಸ್ಸು ತುಂಬಿದಾಗ ಮೆದು ಮಾತು ಸಾಲದು. ನಾಲಗೆ ಬಿರುಸಾದ ಪದವನ್ನೇ ಹುಡುಕುತ್ತದೆ.

ಆದ್ದರಿಂದ ನಿಮ್ಮ ‘ಸಖತ್’, ‘ಬೊಂಬಾಟ್’ಗಳನ್ನು ಹಿರಿಯರು ಗದರಿಸಿದರೆ ಬೇಸರಪಡಬೇಡಿ. ಅವರ ‘ಎ-ಒನ್’ ಕೂಡ ಒಮ್ಮೆ ಹೊಸದಾಗಿಯೇ ಇತ್ತು. ಆದರೆ ಒಂದು ಮಾತು ನೆನಪಿಡಿ. ಲಾಯ್ಡ್ಸ್‌ನವರು ‘ಎ-1’ ಎಂದು ಬರೆದದ್ದು ಹಡಗನ್ನು ಪರೀಕ್ಷಿಸಿದ ಮೇಲೆ. ನಮ್ಮ ಹಿರಿಯ ಕೆಲಸಗಾರರು ‘ಶಾಭಾಷ್’ ಎಂದದ್ದು ಶಾಫ್ಟನ್ನು ಅಳೆದ ಮೇಲೆ. ನೋಡದೆ ಎಲ್ಲಕ್ಕೂ ‘ಸೂಪರ್’ ಎಂದರೆ ಪದ ಸವೆಯುತ್ತದೆ, ಕೇಳಿದವನಿಗೂ ಏನೂ ದಕ್ಕುವುದಿಲ್ಲ. ನೋಡಿಯೂ ಸುಮ್ಮನಿದ್ದರೆ ಅದು ಜಿಪುಣತನ.

ಇಂದು ಗೆಳೆಯನೊಬ್ಬನ ಕೆಲಸವನ್ನು ಗಮನವಿಟ್ಟು ನೋಡಿ. ಚೆನ್ನಾಗಿದ್ದರೆ ಬಾಯಿ ತುಂಬ ಹೇಳಿ. ಪದ ಯಾವುದಾದರೂ ಆಗಲಿ, ಅದು ಪಕ್ಕಾ ಆಗಿರಲಿ.